ಕ್ಯಾಮೆರಾದ ಕಡೆ

ಲಂಡನ್ನಿಗೆ ಅರ್ಧ ಗಂಟೆ. ರೈಲು ಹಳಿಯ ಹಿಂದೆ
ಟಯರು ಅಂಗಡಿಗೂ ನಮಗೂ ಒಂದೇ ಗೋಡೆ.
ಈನಿಡ್ ಪ್ರೊಥೆರೊ ಲಾಂದ್ರ ಮಾಡುತ್ತಾಳೆ.
ನಾನು ಪೆಟ್ಟಿಗೆ ಕಟ್ಟುತ್ತೇನೆ, ಚೀಟಿ ಅಂಟಿಸುತ್ತೇನೆ,
ಚಹಾಕ್ಕೆ ನೀರಿಡುತ್ತೇನೆ.

ಆ ಲಾಂದ್ರ ನಿಮಗೆ ಗೊತ್ತಿರಲಿಕ್ಕಿಲ್ಲ.
ನಲವತ್ತೈದು ವರ್ಷದ ಹಿಂದಿನ ಚಿತ್ರ. ದಿಕ್ಕು ತಪ್ಪಿದ ಆಕಾಶನೌಕೆ,
ಅದರ ಮುದಿ ಚುಕ್ಕಾಣಿಗ ಕತ್ತಲಿಗೆ ಅದನ್ನು ಎತ್ತಿ ಹಿಡಿಯುತ್ತಾನೆ
ಹನ್ನೊಂದೇ ಸೆಕೆಂಡು.
ಅಷ್ಟಕ್ಕೇ ಎಷ್ಟೋ ಊರಿನ ಹತ್ತು ವರ್ಷದ ಹುಡುಗರು
ಜನ್ಮಕ್ಕಾಗುವಷ್ಟು ಬೆಳಕು ಕಡ ತಗೊಂಡು ಮನೆಗೆ ಹೋದರು.
ಈಗ ತೀರಿಸುತ್ತಿದ್ದಾರೆ, ಕಂತಿನಲ್ಲಿ.

ಮಾಡಿದವಳಿಗೆ ಆಗ ಇಪ್ಪತ್ತಾರು. ಕೊಟ್ಟದ್ದು ಒಂದು ರಾತ್ರಿ.
ಹೇರ್‌ಡ್ರೈಯರಿನ ಮೂತಿ, ಬಚ್ಚಲ ನಲ್ಲಿಯ ತಿರುಪು,
ಜ್ಯಾಮ್ ಬಾಟಲಿಯ ಮುಚ್ಚಳ,
ಉಳಿದಲ್ಲೆಲ್ಲ ಫೋಮು, ಮೆತ್ತಿದ ಪುಟ್ಟಿ.
ಬಣ್ಣ ಸಾಲದೆ ಮುಂದಕ್ಕೆ ಮಾತ್ರ ಬೆಳ್ಳಿ;
ಬೆನ್ನು ಬರೀ ಪ್ಲೈವುಡ್, ಅದರ ಮೇಲೆ ಪೆನ್ಸಿಲಿನಲ್ಲಿ
'ಈ ಕಡೆ ತೋರಿಸಬೇಡಿ'.

ಲೇವಾರ್ಡನ್ ಊರಿನ ದಂತವೈದ್ಯ ವೀಬ್ರೆನ್ ಹೂಕ್ಸ್ಟ್ರಾ ಬರೆದಿದ್ದ:
ಅಸಲಿನಂತೆಯೇ ಇರಬೇಕು, ಕೂದಲೆಳೆ ಆಚೀಚೆ ಆಗಕೂಡದು.
ಈನಿಡ್ ಹಾಗೇ ಮಾಡಿದಳು.
ಅದೇ ಮೂತಿಗಾಗಿ ಎರಡು ತಿಂಗಳು ಗುಜರಿ ಅಲೆದಳು,
ಬೆನ್ನಿಗೆ ಬಣ್ಣ ಬಳಿಯಲಿಲ್ಲ,
ಅದೇ ಎಚ್ಚರಿಕೆ ಬರೆದಳು, ಅದೇ ಓರೆ ಅಕ್ಷರದಲ್ಲಿ.

ಮೂರನೇ ವಾರ ಪೆಟ್ಟಿಗೆ ಬಾಗಿಲಿಗೆ ವಾಪಸ್ಸು. ಜೊತೆಗೊಂದು ಕಾಗದ,
ಬಹಳ ಮರ್ಯಾದೆಯದು:
ಹಗುರ ಮೇಡಂ, ಹತ್ತಿಯಷ್ಟು ಹಗುರ. ಬೆನ್ನು ಬೋಳು.
ಅಲ್ಲಾಡಿಸಿದರೆ ಖಾಲಿ ಡಬ್ಬಿಯ ಸದ್ದು.
ನಾನು ಕಂಡ ಲಾಂದ್ರ ಹೀಗಿರಲಿಲ್ಲ.
ಅವನ ತೋಳು ನಡುಗಿತ್ತು ಅದರ ಭಾರಕ್ಕೆ.

ಈನಿಡ್ ಓದಿ ನಕ್ಕಳು; ಆಮೇಲೆ ನಗಲಿಲ್ಲ.
ತೋಳು ನಡುಗಿದ್ದು ಹೌದು. ಆ ಮನುಷ್ಯ ಬೆಳಗಿನಿಂದ ಉಂಡಿರಲಿಲ್ಲವೋ,
ನಟನೆ ಬಲ್ಲವನೋ, ನನಗೆ ಗೊತ್ತಿಲ್ಲ ಅಂದಳು.
ಗೊತ್ತಿಲ್ಲದ್ದಕ್ಕೆ ಈಗ ತೂಕ ಹಾಕಬೇಕು ನೋಡು.

ಹಾಕಿದೆವು. ಒಳಗೆ ಸೀಸ, ಹೊರಗೆ ಹಿತ್ತಾಳೆ,
ಸುತ್ತಲೂ ಬೆಳ್ಳಿ, ಇಲ್ಲದ ಕೀಲಿಗೆ ಎಣ್ಣೆಯ ಕಲೆ,
ಯಾರೂ ಹೋಗದ ಯುದ್ಧದ ಗೀರು.
ಹೂಕ್ಸ್ಟ್ರಾ ಒಂದೇ ಸಾಲು ಬರೆದ: ಇದು. ಇದೇ ಅದು.
ಅಂದಿನಿಂದ ನೂರಾ ನಲವತ್ತು ಹೋದವು, ಎಲ್ಲವೂ ಅದೇ.

ಈ ಮಾರ್ಚಿನಲ್ಲಿ ಅವನೇ ಬಂದ, ಎತ್ತರದ ಆಳು, ಕೊಕ್ಕರೆ ನಡಿಗೆ,
ಎರಡೂ ಕೈಯಲ್ಲಿ ಕೂಸು ಹಿಡಿದಂತೆ ಒಂದು ಪೆಟ್ಟಿಗೆ.
ಹರಾಜಿನಲ್ಲಿ ಸಿಕ್ಕಿತು ಅಂದ. ಬೆಲೆ ಹೇಳಲಿಲ್ಲ;
ಕೋಟಿನ ತೋಳು ಹರಿದಿತ್ತು.
ಒಳಗೆ ಅಸಲು.
ಫೋಮು ರವೆಯಾಗಿ ಉದುರಿದೆ, ಮುಚ್ಚಳಕ್ಕೆ ತುಕ್ಕು,
ಬೆಳ್ಳಿ ಹೋಗಿ ಬೂದಿ.
'ಸ್ವಲ್ಪ ಸರಿ ಮಾಡಿಕೊಡಿ,' ನೆಲ ನೋಡುತ್ತ ಅಂದ,
'ನಿಮ್ಮ ಆ ಇನ್ನೊಂದರ ಹಾಗೆ.'
ಆಮೇಲೆ ತಾನೇ: 'ನನ್ನ ಕುರ್ಚಿಗೆ ಬರುವವರೂ ಅಷ್ಟೆ.
ಹಲ್ಲಿನ ಬಣ್ಣದ ಹಲ್ಲು ತೋರಿಸಿದರೆ
ಮುಖ ತಿರುವುತ್ತಾರೆ.'

ಈನಿಡ್ ಕನ್ನಡಕ ಹಾಕಿಕೊಂಡಳು. ಬೆನ್ನು ತಿರುಗಿಸಿದಳು.
ಪೆನ್ಸಿಲಿನ ಸಾಲು ಇನ್ನೂ ಇತ್ತು. ಅದರ ಕೆಳಗೆ ಪುಟ್ಟಿಯಲ್ಲಿ
ಒಣಗುವ ಮೊದಲು ಒತ್ತಿದ ಹೆಬ್ಬೆರಳ ಗುರುತು,
ಮೊದಲ ನಕಲಿನಲ್ಲೂ ಅವಳಿಗೆ ನೆನಪಾಗದೆ ಹೋದದ್ದು.

ತನ್ನ ಹೆಬ್ಬೆರಳನ್ನು ಅದರಲ್ಲಿಟ್ಟಳು.
ಕೂರಲಿಲ್ಲ. ಗಂಟು ಬಾತಿದೆ,
ಗೆರೆಯನ್ನೆಲ್ಲ ಮರಳುಕಾಗದ ತಿಂದಿದೆ.
ಇನ್ನೊಮ್ಮೆ ಇಟ್ಟಳು, ಓರೆಯಾಗಿ.
ಗೋಡೆಯಾಚೆ ಯಾರದೋ ಚಕ್ರಕ್ಕೆ ಗಾಳಿ ತುಂಬುವ ಸದ್ದು.

'ಇದು ನಾನು ಮಾಡಿದ್ದೇ' ಅಂದಳು, ಯಾರಿಗೂ ಅಲ್ಲ.
'ಹೌದು ಹೌದು' ಅಂದ ಹೂಕ್ಸ್ಟ್ರಾ,
ಒಳಜೇಬಿನಿಂದ ಹರಾಜಿನವರ ಮೊಹರಿನ ಪತ್ರ ತೆಗೆದು
ಮಡಿಕೆ ಬಿಡಿಸಿ
ಅವಳಿಗೆ ತೋರಿಸಿದ.